ಶ್ರೀನಗರ, ಪೂಂಚ್, ಲೇಹ್: 12ನೇ ಸ್ಕ್ವಾಡ್ರನ್‌ನ ಡಕೋಟಾಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1947-48ರ ಕಾಶ್ಮೀರ ಯುದ್ಧ ಅಂದ ಕೂಡಲೇ ನೆನಪಾಗುವುದು ಕಾಲಾಳು ಸೈನಿಕರು. ಅದು ಸರಿಯೇ. ಆದರೆ ಆ ಸೈನಿಕರು ಅಲ್ಲಿಗೆ ತಲುಪಿದ್ದು ಹೇಗೆ? ಅವರ ಗುಂಡು, ಅಕ್ಕಿ, ಔಷಧಿ ಬಂದಿದ್ದು ಹೇಗೆ? ಗಾಯಗೊಂಡವರು ವಾಪಸ್ ಹೋಗಿದ್ದು ಹೇಗೆ? ಈ ಮೂರಕ್ಕೂ ಉತ್ತರ ಹುಡುಕುತ್ತಾ ಹೋದರೆ ಎರಡು ಎಂಜಿನ್‌ನ ಒಂದು ಹಳೆ ವಿಮಾನ ಮತ್ತು ಅದನ್ನು ಹಾರಿಸಿದ ಒಂದು ಸ್ಕ್ವಾಡ್ರನ್, ಅಂದರೆ ವಾಯುಪಡೆಯ ಒಂದು ತುಕಡಿ, ಸಿಗುತ್ತದೆ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

12ನೇ ಸ್ಕ್ವಾಡ್ರನ್ ಹುಟ್ಟಿದ್ದು ಯಾವಾಗ? ಮೊದಲಿನಿಂದಲೂ ಅದು ಸಾಗಣೆ ಸ್ಕ್ವಾಡ್ರನ್ನೇ?

ಅಲ್ಲ. 1945ರ ಡಿಸೆಂಬರ್‌ನಲ್ಲಿ, ಈಗ ಪಾಕಿಸ್ತಾನದಲ್ಲಿರುವ ಕೊಹಾಟ್‌ನಲ್ಲಿ ಅದನ್ನು ಕಟ್ಟಿದಾಗ ಅದಕ್ಕೆ ಕೊಟ್ಟಿದ್ದು ಸ್ಪಿಟ್‌ಫೈರ್, ಅಂದರೆ ಯುದ್ಧ ವಿಮಾನ. ಸ್ವಲ್ಪ ಕಾಲದಲ್ಲೇ ಅದರ ಕೆಲಸ ಬದಲಾಯಿತು, ಡಕೋಟಾಗಳು ಬಂದವು. ನಮ್ಮ ವಾಯುಪಡೆಯ ಮೊದಲ ಸಾಗಣೆ ಸ್ಕ್ವಾಡ್ರನ್ ಆಗಿದ್ದು ಇದೇ. ಆಗ ವಾಯುಪಡೆಯ ಹೆಸರು ರಾಯಲ್ ಇಂಡಿಯನ್ ಏರ್ ಫೋರ್ಸ್. 'ರಾಯಲ್' ಹೋಗಿದ್ದು 1950ರ ಜನವರಿಯಲ್ಲಿ, ದೇಶ ಗಣರಾಜ್ಯವಾದಾಗ.

ದೇಶ ಇಬ್ಭಾಗವಾದಾಗ ವಾಯುಪಡೆ ಹೇಗೆ ಹಂಚಿಕೆಯಾಯಿತು?

ಇದ್ದಿದ್ದೇ ಹತ್ತು ಸ್ಕ್ವಾಡ್ರನ್. ಅದರಲ್ಲಿ ಸಾಗಣೆಯವು ಎರಡು. 6ನೇ ಸ್ಕ್ವಾಡ್ರನ್ ಪಾಕಿಸ್ತಾನಕ್ಕೆ ಹೋಯಿತು, 12ನೆಯದು ಭಾರತಕ್ಕೆ ಉಳಿಯಿತು. ಇಡೀ ದೇಶಕ್ಕೆ ಒಂದೇ ಸಾಗಣೆ ಸ್ಕ್ವಾಡ್ರನ್! ಅದೂ ಸಿಬ್ಬಂದಿ, ಬಿಡಿಭಾಗ ಎಲ್ಲ ಎರಡು ಪಾಲಾಗಿ ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ. ಸ್ವಾತಂತ್ರ್ಯ ಬಂದು ಎರಡೂವರೆ ತಿಂಗಳೂ ಆಗಿರಲಿಲ್ಲ, ಅಷ್ಟರಲ್ಲೇ ಯುದ್ಧದ ಕೆಲಸ ಬಂತು. ಮುಂದಿನದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಡಕೋಟಾ ಅಂದರೆ ಯಾವ ವಿಮಾನ?

ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ಎಂಬ ಪ್ರಯಾಣಿಕ ವಿಮಾನದ ಮಿಲಿಟರಿ ರೂಪ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 95 ಅಡಿ. ತಲಾ 1,200 ಅಶ್ವಶಕ್ತಿಯ ಎರಡು ಪಿಸ್ಟನ್ ಎಂಜಿನ್. ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗ. 28 ಸೈನಿಕರು ಅಥವಾ ಎರಡೂವರೆ ಟನ್‌ಗೂ ಸ್ವಲ್ಪ ಹೆಚ್ಚು ಸಾಮಾನು ಹೊರುವ ಶಕ್ತಿ.

ಇದರ ಮೂರನೇ ಚಕ್ರ ಇರುವುದು ಮೂತಿಯ ಕೆಳಗಲ್ಲ, ಬಾಲದ ಕೆಳಗೆ. ಹಾಗಾಗಿ ನಿಂತಿರುವಾಗ ವಿಮಾನ ಮೂತಿ ಎತ್ತಿಕೊಂಡು, ಹಿಂದಕ್ಕೆ ಕೂತ ಹಾಗೆ ಇರುತ್ತದೆ. ಬಾಗಿಲು ಎಡಗಡೆ, ಹಿಂಭಾಗದಲ್ಲಿ. ಒಳಗೆ ಹತ್ತಿದರೆ ನೆಲ ಇಳಿಜಾರು. ಕಾಕ್‌ಪಿಟ್ ಕಡೆಗೆ ಹೋಗುವುದೆಂದರೆ ಪುಟ್ಟ ದಿಬ್ಬ ಹತ್ತಿದ ಹಾಗೆ. ಗುಂಡಿನ ಪೆಟ್ಟಿಗೆಯೊಂದನ್ನು ಆ ಇಳಿಜಾರಿನಲ್ಲಿ ಮುಂದಕ್ಕೆ ತಳ್ಳಿ, ಹಾರುವಾಗ ಜಾರದ ಹಾಗೆ ಹಗ್ಗ ಬಿಗಿಯಬೇಕು. ಭಾರ ಹಿಂದಕ್ಕೆ ಜಾರಿತೋ, ವಿಮಾನ ಕೈತಪ್ಪಿತು ಅಂತಲೇ ಲೆಕ್ಕ. ಸಾಮಾನು ತುಂಬುವುದು ಸುಮ್ನೆ ಕೂಲಿ ಕೆಲಸವಲ್ಲ. ಪೈಲಟ್‌ನ ಜೀವ ಅದರ ಮೇಲೆ ನಿಂತಿರುತ್ತದೆ.

ಸೈನ್ಯವನ್ನು ರಸ್ತೆಯಲ್ಲೇ ಯಾಕೆ ಕಳಿಸಲಿಲ್ಲ?

ರಸ್ತೆ ಇರಲಿಲ್ಲ ಅಂತಲೇ ಹೇಳಬೇಕು. ಶ್ರೀನಗರಕ್ಕೆ ಹೋಗುವ ಒಳ್ಳೆಯ ರಸ್ತೆ ರಾವಲ್ಪಿಂಡಿಯಿಂದ ಝೇಲಂ ಕಣಿವೆಯಲ್ಲಿ ಬಾರಾಮುಲ್ಲಾ ಮೂಲಕ ಬರುತ್ತಿತ್ತು. ವಿಭಜನೆಯ ನಂತರ ಅದು ಪಾಕಿಸ್ತಾನದ ಕಡೆ. ಪಾಕಿಸ್ತಾನದ ಕಡೆಯಿಂದ ಕಾಶ್ಮೀರಕ್ಕೆ ನುಗ್ಗಿದ ಬುಡಕಟ್ಟು ದಾಳಿಕೋರರು ಬಂದಿದ್ದೂ ಅದೇ ರಸ್ತೆಯಲ್ಲಿ. ನಮ್ಮ ಕಡೆಯಿಂದ ಇದ್ದಿದ್ದು ಪಠಾಣ್‌ಕೋಟ್‌ನಿಂದ ಜಮ್ಮುವಿಗೆ ಹೋಗುವ ಕಚ್ಚಾ ದಾರಿ. ನಡುವೆ ಸೇತುವೆ ಇಲ್ಲದ ಹೊಳೆಗಳು. ಜಮ್ಮು ಆದಮೇಲೆ ಸುಮಾರು 9,000 ಅಡಿ ಎತ್ತರದ ಬನಿಹಾಲ್ ಕಣಿವೆ ದಾರಿ, ಚಳಿಗಾಲದಲ್ಲಿ ಹಿಮ ಬಿದ್ದರೆ ಬಂದ್.

ಇನ್ನೊಂದು ಕಡೆ, ದಾಳಿಕೋರರು ಅಕ್ಟೋಬರ್ 22ರಂದು ಮುಜಫರಾಬಾದ್ ದಾಟಿದ್ದರು. ಮಹೂರಾದ ವಿದ್ಯುತ್ ಕೇಂದ್ರ ಅವರ ಕೈಗೆ ಹೋಗಿ ಶ್ರೀನಗರ ಕತ್ತಲಾಗಿತ್ತು. ಬಾರಾಮುಲ್ಲಾ ಬಿದ್ದಿತ್ತು. ಅಲ್ಲಿಂದ ಶ್ರೀನಗರ ಐವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ.

1947ರ ಅಕ್ಟೋಬರ್ 27ರಂದು ನಿಜವಾಗಿ ಏನಾಯಿತು?

ಮಹಾರಾಜ ಹರಿಸಿಂಗ್ ವಿಲೀನ ಪತ್ರಕ್ಕೆ ಸಹಿ ಹಾಕಿದ್ದು ಅಕ್ಟೋಬರ್ 26. ಮರುದಿನ ನಸುಕಿನಲ್ಲೇ ದಿಲ್ಲಿಯ ವಿಲ್ಲಿಂಗ್ಡನ್ ವಿಮಾನ ನಿಲ್ದಾಣದಿಂದ, ಅಂದರೆ ಇಂದಿನ ಸಫ್ದರ್‌ಜಂಗ್‌ನಿಂದ, ಡಕೋಟಾಗಳು ಮೇಲೆದ್ದವು. ಒಳಗಿದ್ದವರು ಸಿಖ್ ರೆಜಿಮೆಂಟ್‌ನ 1ನೇ ಬೆಟಾಲಿಯನ್ ಸೈನಿಕರು. ಮೊನ್ನೆಯವರೆಗೆ ಗುರ್ಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಶಾಂತಿ ಕಾಯುವ ಕೆಲಸದಲ್ಲಿದ್ದವರು. ಅವರ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್. 12ನೇ ಸ್ಕ್ವಾಡ್ರನ್‌ನ ಡಕೋಟಾಗಳ ಮುಂದಾಳು ವಿಂಗ್ ಕಮಾಂಡರ್ ಕೆ.ಎಲ್. ಭಾಟಿಯಾ.

ಹೊರಡುವಾಗ ಒಂದು ದೊಡ್ಡ ಸಂಗತಿ ಗೊತ್ತೇ ಇರಲಿಲ್ಲ: ಶ್ರೀನಗರದ ವಿಮಾನ ನಿಲ್ದಾಣ ಯಾರ ಕೈಯಲ್ಲಿದೆ? ಅದಕ್ಕೇ ರಾಯ್ ಅವರಿಗೆ ಕೊಟ್ಟಿದ್ದ ಆದೇಶ ಹೀಗಿತ್ತು. ಮೊದಲು ಮೇಲೆ ಸುತ್ತು ಹಾಕಿ ನೋಡಿ. ಸಂಶಯ ಬಂದರೆ ಇಳಿಯಬೇಡಿ, ಜಮ್ಮುವಿಗೆ ಹೋಗಿ. ಒಂದು ಕ್ಷಣ ಆ ಕಾಕ್‌ಪಿಟ್‌ನಲ್ಲಿ ಕೂತು ಯೋಚಿಸಿ ನೋಡಿ. ಪೀರ್ ಪಂಜಾಲ್ ಬೆಟ್ಟಸಾಲು ದಾಟಿದ್ದೀರಿ. ಕೆಳಗೆ ಕಣಿವೆ. ಮೈದಾನದ ಅಂಚಿನಲ್ಲಿ ಜನ ಕಾಣುತ್ತಿದ್ದಾರೆ. ನಮ್ಮವರೋ, ಅವರೋ? ಡಕೋಟಾದಲ್ಲಿ ಗನ್ ಇಲ್ಲ, ಕವಚ ಇಲ್ಲ. ಇಳಿದಮೇಲೆ ಅದು ನಿಂತಲ್ಲೇ ನಿಂತ ಗುರಿ.

ಅವರು ಸುತ್ತು ಹಾಕಿದರು, ನೋಡಿದರು, ಇಳಿದರು. ಆ ದಿನವಿಡೀ ಒಂದರ ಹಿಂದೆ ಒಂದು ವಿಮಾನ ಬರುತ್ತಲೇ ಇತ್ತು. ರಾಯ್ ಕಾದು ಕೂರದೆ ಬಾರಾಮುಲ್ಲಾ ಕಡೆ ಹೊರಟರು. ಇಳಿದ ಎರಡು ದಿನದೊಳಗೆ ಕಾಳಗದಲ್ಲಿ ಪ್ರಾಣ ಕೊಟ್ಟರು. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಇವತ್ತಿಗೂ ಅಕ್ಟೋಬರ್ 27ನ್ನು ಭಾರತೀಯ ಸೇನೆ ಪದಾತಿ ದಿನವಾಗಿ ಆಚರಿಸುತ್ತದೆ.

ಎಲ್ಲ ವಿಮಾನಗಳೂ ವಾಯುಪಡೆಯವೇ?

ಅಲ್ಲ. ಒಂದೇ ಸ್ಕ್ವಾಡ್ರನ್‌ನಿಂದ ಅಷ್ಟು ಕೆಲಸ ಆಗುವುದು ಸಾಧ್ಯವೇ ಇರಲಿಲ್ಲ. ಖಾಸಗಿ ಏರ್‌ಲೈನ್‌ಗಳ ಡಕೋಟಾಗಳನ್ನೂ ತರಿಸಿಕೊಂಡರು. ಪ್ರಯಾಣಿಕರನ್ನು ಒಯ್ಯುತ್ತಿದ್ದ ಪೈಲಟ್‌ಗಳು ರಾತ್ರೋರಾತ್ರಿ ಸೈನಿಕರನ್ನು ಹತ್ತಿಸಿಕೊಂಡರು. ಮುಂದೆ ಒಡಿಶಾದ ಮುಖ್ಯಮಂತ್ರಿಯಾದ ಬಿಜು ಪಟ್ನಾಯಕ್ ಕೂಡ ಆಗ ಡಕೋಟಾ ಹಾರಿಸಿ ಸೈನಿಕರನ್ನು ಕರೆದೊಯ್ದವರು. ಯಾರು ಮೊದಲು ಇಳಿದರು ಅಂತ ಜಗಳ ಆಡುವವರಿದ್ದಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಆ ವಾರ ಇಳಿದ ಎಲ್ಲರೂ ಅದೇ ಧೂಳಿನಲ್ಲಿ, ಅದೇ ಅಪಾಯದಲ್ಲಿ ಇಳಿದರು.

ನವೆಂಬರ್ 17ರ ಹೊತ್ತಿಗೆ ದಿಲ್ಲಿಯಿಂದ ಒಟ್ಟು 704 ಸಾರ್ಟಿ ಆಗಿದ್ದವು. ಸಾರ್ಟಿ ಅಂದರೆ ಒಂದು ವಿಮಾನದ ಒಂದು ಹಾರಾಟ. ಮೂರು ವಾರಕ್ಕೆ ಭಾಗಿಸಿ ನೋಡಿ, ದಿನಕ್ಕೆ ಮೂವತ್ತಕ್ಕೂ ಜಾಸ್ತಿ.

ಶ್ರೀನಗರದ ರನ್‌ವೇ ಹೇಗಿತ್ತು?

ಮಣ್ಣಿನದು. ಮಹಾರಾಜರ ಸಣ್ಣ ವಿಮಾನಗಳಿಗೆ ಅಂತ ಇದ್ದ ಜಾಗ. ದೀಪ ಇಲ್ಲ, ಪೆಟ್ರೋಲ್ ತುಂಬಿಸುವ ವ್ಯವಸ್ಥೆ ಇಲ್ಲ. ಭಾರದ ಡಕೋಟಾ ಒಂದು ಇಳಿದರೆ ಧೂಳು ಎದ್ದು ಹಿಂದಿನವನಿಗೆ ನೆಲವೇ ಕಾಣುತ್ತಿರಲಿಲ್ಲ.

ಪೆಟ್ರೋಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ದಿಲ್ಲಿಯಿಂದ ಶ್ರೀನಗರಕ್ಕೆ ನೇರ ದಾರಿಯಲ್ಲೇ ಸುಮಾರು 650 ಕಿಲೋಮೀಟರ್. ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಅಲ್ಲಿ ಒಂದು ಲೀಟರ್ ಕೂಡ ಸಿಗುವುದಿಲ್ಲ ಅಂದಮೇಲೆ ವಾಪಸ್ ಬರುವ ಪೆಟ್ರೋಲನ್ನೂ ಇಲ್ಲಿಂದಲೇ ಹೊತ್ತು ಹೋಗಬೇಕು. ಡಕೋಟಾದ ಟ್ಯಾಂಕ್‌ಗಳಲ್ಲಿ ಹಿಡಿಯುವುದು ಸುಮಾರು 3,000 ಲೀಟರ್. ತುಂಬಿದರೆ ಅದೇ ಎರಡು ಟನ್ ದಾಟುತ್ತದೆ. ಪೆಟ್ರೋಲ್ ಹೆಚ್ಚಿದಷ್ಟೂ ಸೈನಿಕರು ಕಡಿಮೆ.

ಇಷ್ಟರ ಮೇಲೆ ಇನ್ನೊಂದು. ಅಕ್ಟೋಬರ್ ಕೊನೆಗೆ ಸ್ಪಿಟ್‌ಫೈರ್‌ಗಳು ಶ್ರೀನಗರಕ್ಕೆ ಬಂದಾಗ ಅವಕ್ಕೆ ಕುಡಿಸಲು ಪೆಟ್ರೋಲ್ ಇಲ್ಲ. ಆಗ ಬಂದು ನಿಂತ ಡಕೋಟಾಗಳ ಟ್ಯಾಂಕ್‌ನಿಂದಲೇ ಪೆಟ್ರೋಲ್ ಇಳಿಸಿ ಅವಕ್ಕೆ ಹಾಕಿದರು. ಸಾಮಾನು ಹೊತ್ತು ತಂದ ಬಂಡಿಯೇ ಪೆಟ್ರೋಲ್ ಬಂಕ್ ಕೂಡ ಆಯಿತು.

ಬಡಗಾಮ್ ಕಾಳಗಕ್ಕೂ ಈ ವಿಮಾನಗಳಿಗೂ ಏನು ಸಂಬಂಧ?

ನೇರ ಸಂಬಂಧ. ಬಡಗಾಮ್ ಇರುವುದು ಶ್ರೀನಗರ ವಿಮಾನ ನಿಲ್ದಾಣದ ಪಕ್ಕದಲ್ಲಿ. ನವೆಂಬರ್ 3ರಂದು ದಾಳಿಕೋರರು ಆ ಕಡೆಯಿಂದ ನುಗ್ಗಿದಾಗ ಅವರ ಗುರಿ ಊರಲ್ಲ, ರನ್‌ವೇ. ಅದು ಹೋಗಿದ್ದರೆ ಒಬ್ಬ ಸೈನಿಕನೂ, ಒಂದು ಪೆಟ್ಟಿಗೆ ಗುಂಡೂ ಮತ್ತೆ ಬರುತ್ತಿರಲಿಲ್ಲ. ಮೇಜರ್ ಸೋಮನಾಥ ಶರ್ಮಾ ಮತ್ತು 4 ಕುಮಾವ್‌ನ ಅವರ ಕಂಪನಿ ಅಲ್ಲಿ ತಡೆದು ನಿಂತರು. ಅವರೂ ಡಕೋಟಾದಲ್ಲೇ ಬಂದವರು. ಶರ್ಮಾ ಅವರ ಒಂದು ಕೈಗೆ ಆಗ ಪ್ಲಾಸ್ಟರ್ ಹಾಕಿತ್ತು. ಅಲ್ಲೇ ವೀರಮರಣ ಹೊಂದಿದರು. ದೇಶದ ಮೊದಲ ಪರಮವೀರ ಚಕ್ರ ಅವರದು. ನಾಲ್ಕು ದಿನದ ನಂತರ ಶಾಲಟೆಂಗ್‌ನಲ್ಲಿ ದಾಳಿಕೋರರು ಸೋತು ಹಿಂದೆ ಓಡಿದರು. ಶ್ರೀನಗರ ಉಳಿಯಿತು.

ಪೂಂಚ್‌ನ ಕತೆ ಏನು?

ನನ್ನ ಮಟ್ಟಿಗೆ ಇಡೀ ಯುದ್ಧದಲ್ಲಿ ಸಾಗಣೆ ವಿಮಾನಗಳ ಅತಿ ಕಷ್ಟದ ಕೆಲಸ ಇದು. ಶ್ರೀನಗರದ ಸಾಹಸ ಮೂರು ವಾರದ್ದು. ಪೂಂಚ್‌ದು ಒಂದು ವರ್ಷದ್ದು.

ಪೂಂಚ್ ಪಟ್ಟಣವನ್ನು 1947ರ ನವೆಂಬರ್‌ನಿಂದಲೇ ಶತ್ರುಗಳು ಸುತ್ತುವರಿದಿದ್ದರು. ಒಳಗೆ ಪ್ರೀತಂ ಸಿಂಗ್ ಅವರ ಕೈಕೆಳಗೆ ಒಂದಷ್ಟು ಸೈನಿಕರು ಮತ್ತು ಸಾವಿರಾರು ನಿರಾಶ್ರಿತರು. ರಸ್ತೆ ಕಡಿದುಹೋಗಿತ್ತು. ಮೊದಮೊದಲು ಆಕಾಶದಿಂದ ಸಾಮಾನು ಹಾಕಿದರು. ಪ್ಯಾರಾಚೂಟ್‌ಗಳಿಗೆ ಬರ ಇದ್ದಾಗ ಧಾನ್ಯವನ್ನು ಹಾಗೇ ಹಾಕುವ ಒಂದು ಉಪಾಯ ಇದೆ. ಒಂದು ಗೋಣಿಚೀಲದೊಳಗೆ ಇನ್ನೊಂದು, ಹೊರಗಿನದು ಸಡಿಲ. ನೆಲಕ್ಕೆ ಬಿದ್ದಾಗ ಒಳಚೀಲ ಒಡೆಯುತ್ತದೆ, ಹೊರಚೀಲ ಕಾಳನ್ನು ಹಿಡಿದುಕೊಳ್ಳುತ್ತದೆ. ಬಾಗಿಲು ತೆಗೆದ ವಿಮಾನದ ಅಂಚಿನಲ್ಲಿ ನಿಂತು ಇವನ್ನು ತಳ್ಳುವ ಕೆಲಸ ಸೈನ್ಯದ ಹುಡುಗರದು. ಪೈಲಟ್ ಗಂಟೆ ಬಾರಿಸಿದ ಕೆಲವೇ ಸೆಕೆಂಡುಗಳಲ್ಲಿ ತಳ್ಳಿ ಮುಗಿಸಬೇಕು. ತಡವಾದರೆ ಚೀಲ ಬೀಳುವುದು ಗುಡ್ಡದಾಚೆ, ಶತ್ರುವಿನ ಮುಂದೆ.

ಆದರೆ ಫಿರಂಗಿಯನ್ನು ಹಾಗೆ ಬೀಳಿಸಲು ಆಗುವುದಿಲ್ಲ. ಗಾಯಾಳುಗಳನ್ನು ಮೇಲಕ್ಕೆ ಎತ್ತಿಕೊಳ್ಳಲೂ ಆಗುವುದಿಲ್ಲ. ಇಳಿಯಲೇಬೇಕು. ಹಾಗಾಗಿ ಪಟ್ಟಣದ ಪರೇಡ್ ಮೈದಾನವನ್ನೇ ರನ್‌ವೇ ಮಾಡಿದರು. ಅಗೆದು, ತುಂಬಿ, ಸಮತಟ್ಟು ಮಾಡಿದವರು ಆ ನಿರಾಶ್ರಿತರೇ. ಮನೆಮಠ ಕಳೆದುಕೊಂಡು ಬಂದವರು, ಅರೆಹೊಟ್ಟೆಯಲ್ಲಿ, ಗುಂಡಿನ ಸದ್ದಿನ ನಡುವೆ ಮಣ್ಣು ಹೊತ್ತರು. ಪದಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರಿಲ್ಲದೆ ಒಂದು ಡಕೋಟಾ ಕೂಡ ಅಲ್ಲಿ ಇಳಿಯುತ್ತಿರಲಿಲ್ಲ.

1947ರ ಡಿಸೆಂಬರ್‌ನಲ್ಲಿ ಅಲ್ಲಿ ಡಕೋಟಾ ಇಳಿಸಿದವರು ಏರ್ ಕಮಡೋರ್ ಮೆಹರ್ ಸಿಂಗ್. ಜಾಗ ಗಿಡ್ಡ, ಸುತ್ತ ಬೆಟ್ಟ, ಅಂಚಿಗೆ ಹಳ್ಳ. ಕಡಿದಾಗಿ ಇಳಿದು ಕೂಡಲೇ ಬ್ರೇಕ್ ಹಿಡಿಯಬೇಕು. 1948ರ ಮಾರ್ಚ್‌ನಲ್ಲಿ ಶತ್ರುಗಳ ಫಿರಂಗಿ ಗುಂಡುಗಳು ರನ್‌ವೇ ಮೇಲೇ ಬೀಳತೊಡಗಿದವು. ಉತ್ತರ ಕೊಡಲು 25 ಪೌಂಡರ್ ಫಿರಂಗಿಗಳು ಬೇಕಾಗಿದ್ದವು. ಹಗಲಲ್ಲಿ ಇಳಿದರೆ ವಿಮಾನ ಉಳಿಯುವುದಿಲ್ಲ. ಆಗ ರಾತ್ರಿ, ರನ್‌ವೇ ಉದ್ದಕ್ಕೂ ಎಣ್ಣೆ ದೀಪ ಇಟ್ಟು, ಆ ಮಿಣುಕು ಸಾಲನ್ನೇ ನಂಬಿ ಫಿರಂಗಿ ಹೊತ್ತ ಡಕೋಟಾಗಳನ್ನು ಇಳಿಸಿದರು. ವಾಪಸ್ ಹೋಗುವಾಗ ಗಾಯಾಳುಗಳು, ನಿರಾಶ್ರಿತರು. ಖಾಲಿ ವಿಮಾನ ಹೋಗಿದ್ದು ಅಪರೂಪ.

ಭೂಸೇನೆ ಮುತ್ತಿಗೆ ಮುರಿದು ಪೂಂಚ್ ತಲುಪಿದ್ದು 1948ರ ನವೆಂಬರ್‌ನಲ್ಲಿ. ಅಲ್ಲಿವರೆಗೆ ಆ ಊರು ಉಸಿರಾಡಿದ್ದು ಆಕಾಶದ ದಾರಿಯಿಂದ.

ಡಕೋಟಾದಿಂದ ಬಾಂಬ್ ಹಾಕಿದ್ದರಂತೆ, ನಿಜವೇ?

ನಿಜ. ಬಾಂಬರ್ ವಿಮಾನಗಳು ಆಗ ನಮ್ಮಲ್ಲಿ ಇರಲಿಲ್ಲ. ರಾತ್ರಿ ಹೊತ್ತು ಡಕೋಟಾದ ಸಾಮಾನಿನ ಬಾಗಿಲಿನಿಂದಲೇ ಬಾಂಬ್‌ಗಳನ್ನು ಉರುಳಿಸಿದರು. ಇದೇ ಉಪಾಯ 1971ರಲ್ಲಿ ಮತ್ತೆ ಬಂತು. ಆಗ ಬೇರೆ ಸ್ಕ್ವಾಡ್ರನ್, 44ನೆಯದು, ತನ್ನ ದೊಡ್ಡ ಆಂಟೊನೊವ್-12 ಸಾಗಣೆ ವಿಮಾನಗಳಿಂದ ಬಾಂಬ್ ಹಾಕಿತು. ಅದರ ಮುಖ್ಯಸ್ಥ ವಿಂಗ್ ಕಮಾಂಡರ್ ವಸಿಷ್ಠ್ ಅವರಿಗೆ ಮಹಾವೀರ ಚಕ್ರ ಸಿಕ್ಕಿತು.

ಲೇಹ್‌ನಲ್ಲಿ ಮೊದಲ ವಿಮಾನ ಇಳಿದಿದ್ದು ಹೇಗೆ? ನಮ್ಮ ತಿಮ್ಮಯ್ಯನವರೂ ಅದರಲ್ಲಿ ಇದ್ದರಂತಲ್ಲ?

ಇದ್ದರು. 1948ರ ಮೇ 24. ಪೈಲಟ್ ಮೆಹರ್ ಸಿಂಗ್. ಪ್ರಯಾಣಿಕ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಮಡಿಕೇರಿಯಲ್ಲಿ ಹುಟ್ಟಿದವರು, ಆಗ ಶ್ರೀನಗರದ ಡಿವಿಜನ್ ಮುಖ್ಯಸ್ಥರು.

ಹಿನ್ನೆಲೆ ಹೀಗಿದೆ. ಆ ತಿಂಗಳು ಕಾರ್ಗಿಲ್ ಕೈತಪ್ಪಿತ್ತು. ಲೇಹ್‌ಗೆ ನೆಲದ ದಾರಿ ಮುಚ್ಚಿತ್ತು. ಅಲ್ಲಿ ಇದ್ದವರು ಬೆರಳೆಣಿಕೆಯ ಸೈನಿಕರು. ಚಳಿಗಾಲದ ಹಿಮದಲ್ಲೇ ಜೋಜಿಲಾ ದಾಟಿ ನಡೆದುಬಂದ ಮೇಜರ್ ಪೃಥಿ ಚಂದ್ ಅವರ ಚಿಕ್ಕ ತುಕಡಿಯೇ ಮುಖ್ಯ ಬಲ. ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು ಸ್ಥಳೀಯ ಜನರನ್ನು ಸೇರಿಸಿ ಸಿಂಧೂ ನದಿಯ ಬಳಿ ಮಣ್ಣಿನ ರನ್‌ವೇ ಒಂದನ್ನು ಸಿದ್ಧ ಮಾಡಿದ್ದರು. ರನ್‌ವೇ ಏನೋ ಇತ್ತು. ಆದರೆ ಅಲ್ಲಿಗೆ ಯಾರೂ ಹಾರಿರಲಿಲ್ಲ.

ಕಷ್ಟ ಎಲ್ಲಿತ್ತು ಅಂದರೆ, ದಾರಿಯ ಬೆಟ್ಟಗಳು ಡಕೋಟಾದ ಶಕ್ತಿಯನ್ನೇ ಕೇಳುವಂಥವು. ಅಕ್ಕಪಕ್ಕದ ಶಿಖರಗಳು 20,000 ಅಡಿ ದಾಟುತ್ತವೆ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟಿದರೆ ಕಿತ್ತುಹಾಕುವ ಸಾಧನ ಇಲ್ಲ. ಸರಿಯಾದ ನಕ್ಷೆಯೂ ಇಲ್ಲ. ಒಂದು ಎಂಜಿನ್ ಕೈಕೊಟ್ಟರೆ ಇಳಿಯಲು ಬಯಲು ಇಲ್ಲ, ಕಣಿವೆಯಲ್ಲಿ ತಿರುಗಲು ಜಾಗವೂ ಇಲ್ಲ.

ಇಳಿಯುವುದೂ ಬೇರೆಯೇ ಲೆಕ್ಕ. ಲೇಹ್ ವಿಮಾನ ನಿಲ್ದಾಣದ ಎತ್ತರ ಹತ್ತೂವರೆ ಸಾವಿರ ಅಡಿಗೂ ಹೆಚ್ಚು. ಅಲ್ಲಿ ಗಾಳಿ ತೆಳು. ಮೀಟರ್ ಯಾವತ್ತಿನ ವೇಗವನ್ನೇ ತೋರಿಸುತ್ತದೆ, ಆದರೆ ನೆಲದ ಮೇಲೆ ವಿಮಾನ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ನಿಲ್ಲಲು ಜಾಸ್ತಿ ದೂರ ಬೇಕು. ಮತ್ತೆ ಮೇಲೇರಲು ಇನ್ನೂ ಜಾಸ್ತಿ. ಎಂಜಿನ್‌ಗೂ ಉಸಿರು ಕಡಿಮೆ.

ಇದೆಲ್ಲ ಮೆಹರ್ ಸಿಂಗ್‌ಗೆ ಗೊತ್ತಿತ್ತು. ತಿಮ್ಮಯ್ಯನವರಿಗೂ ಗೊತ್ತಿತ್ತು. ಒಬ್ಬ ಡಿವಿಜನ್ ಮುಖ್ಯಸ್ಥ ಇಂಥ ಮೊದಲ ಹಾರಾಟದಲ್ಲಿ ತಾನೇ ಹೋಗಿ ಕೂತಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆ ದಾರಿ ತೆರೆದದ್ದೇ ತಡ, ಜೂನ್ ಶುರುವಿನಲ್ಲಿ ಗೂರ್ಖಾ ಸೈನಿಕರನ್ನು ಹೊತ್ತ ಡಕೋಟಾಗಳು ಬಂದವು. ಲೇಹ್ ಉಳಿಯಿತು.

ಎಲ್ಲ ಕಡೆಯೂ ಡಕೋಟಾ ಗೆದ್ದಿತೇ?

ಇಲ್ಲ. ಸ್ಕರ್ದು ಅಂತ ಒಂದು ಊರು. ಅಲ್ಲಿನ ಕೋಟೆಯೊಳಗೆ ಸಿಕ್ಕಿಬಿದ್ದವರಿಗೆ ಡಕೋಟಾದಿಂದ ಸಾಮಾನು ಹಾಕಲು ಆಗಲಿಲ್ಲ. ಆ ಕಿರಿದಾದ ಕಣಿವೆಯಲ್ಲಿ ನಿಧಾನಗತಿಯ ದೊಡ್ಡ ವಿಮಾನ ಇಳಿದು ತಿರುಗುವ ಹಾಗಿರಲಿಲ್ಲ. ಟೆಂಪೆಸ್ಟ್ ಯುದ್ಧ ವಿಮಾನಗಳ ಕೆಳಗೆ ಡಬ್ಬಿಗಳನ್ನು ಕಟ್ಟಿ ಹಾಕಿ ನೋಡಿದರು. ಅದು ಸಾಕಾಗಲಿಲ್ಲ. ತಿಂಗಳುಗಟ್ಟಲೆ ತಡೆದು ನಿಂತು, ತಿನ್ನಲೂ ಗುಂಡಿಗೂ ಏನೂ ಉಳಿಯದೆ, 1948ರ ಆಗಸ್ಟ್ 14ರಂದು ಸ್ಕರ್ದು ಬಿತ್ತು. ಪೂಂಚ್ ಮತ್ತು ಸ್ಕರ್ದುವನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಕಡೆ ಕಾದಾಡಿದವರ ಧೈರ್ಯ ಒಂದೇ. ಒಂದು ಕಡೆ ವಿಮಾನ ಇಳಿಯಲು ಜಾಗ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಮೆಹರ್ ಸಿಂಗ್ 12ನೇ ಸ್ಕ್ವಾಡ್ರನ್‌ನವರೇ?

ಅಲ್ಲ, ಇದು ಸಾಮಾನ್ಯವಾಗಿ ಆಗುವ ತಪ್ಪು. ಅವರು ಕಾಶ್ಮೀರದ ಇಡೀ ವಾಯು ಕಾರ್ಯಾಚರಣೆ ನೋಡಿಕೊಳ್ಳುತ್ತಿದ್ದ 1ನೇ ಗ್ರೂಪ್‌ನ ಮುಖ್ಯಸ್ಥರು. ಬರ್ಮಾ ಯುದ್ಧದಲ್ಲಿ 6ನೇ ಸ್ಕ್ವಾಡ್ರನ್ ಮುನ್ನಡೆಸಿ ಬ್ರಿಟಿಷರ ಡಿ.ಎಸ್.ಒ. ಪದಕ ಪಡೆದಿದ್ದರು. ಕಾಶ್ಮೀರಕ್ಕಾಗಿ ಮಹಾವೀರ ಚಕ್ರ ಬಂತು. ಅಪಾಯದ ಜಾಗಕ್ಕೆ ಮೊದಲು ತಾನು ಹೋಗಿ, ಆಮೇಲೆ ಹುಡುಗರನ್ನು ಕಳಿಸುವುದು ಅವರ ಕ್ರಮ. ವಾಯುಪಡೆಯಲ್ಲಿ ಪ್ರೀತಿಯಿಂದ 'ಮೆಹರ್ ಬಾಬಾ' ಅನ್ನುತ್ತಿದ್ದರು. 1952ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಮುಂದಾಳತನದ ಹಿಂದೆ ಪ್ರತಿದಿನ ಅದೇ ದಾರಿಯಲ್ಲಿ ಹೋಗಿ ಬಂದವರು ಮಾತ್ರ ಸ್ಕ್ವಾಡ್ರನ್‌ನ ಪೈಲಟ್, ನ್ಯಾವಿಗೇಟರ್, ಸಿಗ್ನಲರ್‌ಗಳು. ರಾತ್ರಿಯಿಡೀ ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗಳನ್ನೂ ಸೇರಿಸಿಕೊಳ್ಳಿ.

ಯುದ್ಧದ ನಂತರ ಸ್ಕ್ವಾಡ್ರನ್ ಏನಾಯಿತು?

1949ರ ಜನವರಿ 1ರಿಂದ ಕದನ ವಿರಾಮ. 1950ರ ದಶಕದಲ್ಲಿ ಆಗ್ರಾದಲ್ಲಿ ಡಕೋಟಾ ಬಿಟ್ಟು ಪ್ಯಾಕೆಟ್ ಎಂಬ ದೊಡ್ಡ ವಿಮಾನಕ್ಕೆ ಬದಲಾದರು, ಮುಂದೆ ಆಂಟೊನೊವ್-32ಕ್ಕೆ. ಸ್ಕ್ವಾಡ್ರನ್‌ನ ಅಡ್ಡಹೆಸರು 'ಯಾಕ್ಸ್'. ಎತ್ತರದ ಜಾಗದಲ್ಲಿ ಭಾರ ಹೊರುವ ಪ್ರಾಣಿ, ಅಲ್ವಾ? ಅದಕ್ಕಿಂತ ಒಪ್ಪುವ ಹೆಸರು ನನಗಂತೂ ಹೊಳೆಯುವುದಿಲ್ಲ.

ಈಗ ಹಾರಾಡುವ 'ಪರಶುರಾಮ' ಡಕೋಟಾ ಅಂದು ಶ್ರೀನಗರದಲ್ಲಿ ಇಳಿದದ್ದೇ?

ಅದೇ ವಿಮಾನ ಅಲ್ಲ, ಅದೇ ನಂಬರ್. ಭಾಟಿಯಾ ಅವರು ಅಕ್ಟೋಬರ್ 27ರಂದು ಇಳಿಸಿದ ಡಕೋಟಾದ ಸಂಖ್ಯೆ ವಿಪಿ 905. ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಹಳೆಯ ಡಕೋಟಾ ಒಂದನ್ನು ಗುಜರಿಯಿಂದ ಉಳಿಸಿ, ಬ್ರಿಟನ್ನಿನಲ್ಲಿ ಹಾರುವ ಸ್ಥಿತಿಗೆ ತರಿಸಿ ವಾಯುಪಡೆಗೆ ಕೊಟ್ಟರು. ಅವರ ತಂದೆ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. 2018ರ ಮೇ 4ರಂದು ಹಿಂಡನ್ ವಾಯುನೆಲೆಯಲ್ಲಿ ಅದನ್ನು ಸೇರಿಸಿಕೊಂಡಾಗ ಅದರ ಬಾಲದ ಹತ್ತಿರ ಬರೆದಿದ್ದ ಸಂಖ್ಯೆ ವಿಪಿ 905.